ಲೊಕೇಶನ್ ಆಫ್ ಮಾಡುವ ಮುನ್ನ

ಗಂಡ ಮೊಬೈಲಿನ ಮೂಲಕ ತನ್ನ ಮೇಲೆ ಕಣ್ಣಿಟ್ಟಿದ್ದಾನೆ ಎಂದು ಹೇಳಿಕೊಂಡು ಬರುವ ಹೆಣ್ಣುಮಕ್ಕಳು ತುಮಕೂರಿನ ನಮ್ಮ ಆಪ್ತಸಲಹಾ ಕೇಂದ್ರದಲ್ಲಿ ಈಗ ಅಪರೂಪವಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಅಂಥ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಅದರಲ್ಲಿ ನಾನು ಕೊಟ್ಟ ಸಲಹೆಯನ್ನು ಒಪ್ಪದವರು ನಮ್ಮಲ್ಲೇ ಇದ್ದಾರೆ.

ಆಕೆ ವಸಂತನರಸಾಪುರದ ಕಾರ್ಖಾನೆಯೊಂದರ ನೌಕರೆ, ಒಂದು ಮಗುವಿನ ತಾಯಿ. ಮೊಬೈಲ್ ಕೊಡಿಸಿ, ಗೂಗಲ್ ಖಾತೆ ತೆರೆದು, ಪಾಸ್‌ವರ್ಡನ್ನು ತನ್ನಲ್ಲೇ ಇಟ್ಟುಕೊಂಡವನು ಗಂಡ. ವೈಫೈ ಆಫ್ ಮಾಡಿಕೊಂಡು ಗುಬ್ಬಿಯ ತವರಿಗೆ ಹೋಗಿ ಒಳಕೋಣೆಯಲ್ಲಿ ಕುಳಿತಿದ್ದರೂ ‘ಅಲ್ಲಿಗೆ ಯಾಕೆ ಹೋದೆ’ ಎಂಬ ಕರೆ ಬರುತ್ತಿತ್ತು. ಇದರಲ್ಲಿ ಮಾಯವೇನಿಲ್ಲ. ಲೊಕೇಶನ್ ಚಾಲ್ತಿಯಲ್ಲಿದ್ದು ‘ವೈಫೈ ಸ್ಕ್ಯಾನಿಂಗ್’ ಎಂಬ ಬೇರೊಂದು ಸೆಟ್ಟಿಂಗ್ ಕೂಡ ಆನ್ ಆಗಿದ್ದರೆ, ವೈಫೈ ಆಫ್ ಮಾಡಿದ ಆಂಡ್ರಾಯ್ಡ್ ಫೋನು ಸಹ ಅಕ್ಕಪಕ್ಕದ ಮನೆಗಳ ರೂಟರ್‌ಗಳು ಬಿತ್ತರಿಸುವ ಗುರುತಿನ ಸಂಖ್ಯೆಗಳನ್ನು ಗ್ರಹಿಸುತ್ತಿರುತ್ತದೆ. ಅದಕ್ಕೆ ಆ ರೂಟರ್‌ಗಳ ಪಾಸ್‌ವರ್ಡ್ ಬೇಕಾಗಿಲ್ಲ. ಯಾವ ರೂಟರ್ ಎಲ್ಲಿದೆ ಎಂಬ ಪಟ್ಟಿ ಗೂಗಲ್ ಕಂಪನಿಯಲ್ಲಿರುವುದರಿಂದ, ಉಪಗ್ರಹದ ಸಂಕೇತ ಸರಿಯಾಗಿ ತಲುಪದ ಸೂರಿನಡಿಯಲ್ಲೂ ಜಾಗ ತಿಳಿಯುತ್ತದೆ. ಮ್ಯಾಪ್ಸ್‌ನಲ್ಲಿ ಲೊಕೇಶನ್ ಹಂಚಿಕೆ ಮಾಡಿಟ್ಟಿದ್ದರಿಂದ ಅದು ಗಂಡನ ಪರದೆಯಲ್ಲಿ ಮೂಡುತ್ತಿತ್ತು.

ಎರಡನೆಯ ಭೇಟಿಗೆ ಆಕೆ ಬಂದದ್ದು ಮಗುವಿಗೆ ಜ್ವರವೆಂದು ಜಿಲ್ಲಾಸ್ಪತ್ರೆಗೆ ಹೋದ ದಿನ. ಮೇಜಿನ ಮೇಲೆ ಮಗುಚಿಟ್ಟಿದ್ದ ಫೋನು ಎರಡು ಬಾರಿ ಹೊಡೆದುಕೊಂಡಿತು. ಎತ್ತಿದರೆ, ಆಸ್ಪತ್ರೆ ಬಿಟ್ಟು ಬಂದು ಇಷ್ಟು ಹೊತ್ತಾದರೂ ಮನೆ ಸೇರಿಲ್ಲವೇಕೆ ಎಂಬ ಪ್ರಶ್ನೆ. ಔಷಧಿ ಅಂಗಡಿಯಲ್ಲಿ ರಷ್ ಇದೆಯೆಂದು ಹೇಳಿ ಕರೆ ಮುಗಿಸಿದರು. ಜೊತೆಗಿದ್ದ ನನ್ನ ಕಿರಿಯ ಸಹೋದ್ಯೋಗಿ ಮರುಕದಿಂದ, ‘ಕೊಡಿ ಅಕ್ಕಾ, ಲೊಕೇಶನ್ ಆಫ್ ಮಾಡಿಕೊಡ್ತೀನಿ’ ಎಂದು ಕೈಚಾಚಿದರು. ಆಕೆ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

‘ಬೇಡ ಮೇಡಂ. ಆಫ್ ಆಗಿದೆ ಅಂತಾನೂ ಅವರಿಗೆ ಗೊತ್ತಾಗುತ್ತೆ. ಆಮೇಲೆ ಆ ಮನೆಗೆ ಹೋಗಬೇಕಾದವಳು ನಾನು ತಾನೇ?’

ಆ ಮಾತಿನ ಮೇಲೆಯೇ ನನ್ನ ಸಲಹೆ ನಿಂತಿದೆ. ಸದ್ಯಕ್ಕೆ ಆ ಫೋನಿನಲ್ಲಿ ಏನನ್ನೂ ಬದಲಿಸಬೇಡಿ ಎಂದೆ. ನಮಗಾಗಲಿ ಸಹಾಯವಾಣಿ 181ಕ್ಕಾಗಲಿ ತಾಯಿಯ ಮೊಬೈಲಿನಿಂದ ಕರೆ ಮಾಡಿ. ಗಂಡ ಕೇಳಿದ ಪ್ರಶ್ನೆಗಳನ್ನು ದಿನಾಂಕ, ಸಮಯ ಸಹಿತ ಕಾಗದದಲ್ಲಿ ಬರೆದು ಕಾರ್ಖಾನೆಯ ಲಾಕರಿನಲ್ಲಿಡಿ. ಇರುವ ಜಾಗ, ಮಗು, ಸಂಬಳದ ಖಾತೆ ಇವುಗಳ ವ್ಯವಸ್ಥೆಯಾದ ಮೇಲೆ ಬೇರೆ ಫೋನಿನಲ್ಲಿ, ನೀವೇ ತೆರೆದ ಹೊಸ ಖಾತೆಯೊಂದಿಗೆ ಆರಂಭಿಸಿ ಎಂದು ವಿವರಿಸಿದೆ.

‘ಹಾಗಾದರೆ ಕಾವಲನ್ನು ನಾವೇ ಒಪ್ಪಿಕೊಂಡಂತಾಗಲಿಲ್ಲವೇ’ ಎಂದು ಸಹೋದ್ಯೋಗಿ ಕೇಳಿದರು. ಖಂಡಿತ ಇಲ್ಲ. ಇಂಥ ನಿಗಾವನ್ನು ಕಾಳಜಿಯೆಂದು ಕರೆಯುವುದನ್ನು ನಾನು ಎಂದೂ ಒಪ್ಪುವುದಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಭಾವನಾತ್ಮಕ ದೌರ್ಜನ್ಯವನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಆದರೆ ಹಿಡಿತ ತಪ್ಪುತ್ತಿದೆ ಎನಿಸಿದ ಗಳಿಗೆಯಲ್ಲೇ ಕೈ ಮಾಡುವ ಗಂಡಸರಿದ್ದಾರೆ. ಆ ಗಳಿಗೆಯನ್ನು ಆಕೆಯೇ ಆರಿಸಿಕೊಳ್ಳಬೇಕು, ನಮ್ಮ ಅವಸರವಲ್ಲ.

ಆಕೆ ಇನ್ನೂ ಆ ಮನೆಯಲ್ಲೇ ಇದ್ದಾರೆ. ಮುಂದಿನ ಭೇಟಿಗೆ ತಾಯಿಯನ್ನೂ ಕರೆತರುವುದಾಗಿ, ತಾಯಿಯ ಮೊಬೈಲಿನಿಂದಲೇ ತಿಳಿಸಿದ್ದಾರೆ.