ಪ್ರಶ್ನೋತ್ತರ: ಆಯಸ್ಕಾಂತಕ್ಕೆ ಗಟ್ಟಿಯಾಗುವ ದ್ರವ

ಪ್ರಶ್ನೆ: ಪ್ರಾಜೆಕ್ಟಿಗಾಗಿ ಅರದ ಪುಡಿಯನ್ನು (ಅರದಿಂದ ಉಜ್ಜಿದಾಗ ಉದುರುವ ಕಬ್ಬಿಣದ ಚೂರು) ಸಿಲಿಕೋನ್ ಎಣ್ಣೆಗೆ ಕಲಸಿ ಎಂಆರ್ (ಮ್ಯಾಗ್ನೆಟೊರಿಯಲಾಜಿಕಲ್) ದ್ರವ, ಅಂದರೆ ಕಾಂತಕ್ಷೇತ್ರದಲ್ಲಿ ಗಟ್ಟಿಯಾಗುವ ದ್ರವ ಮಾಡಿದೆವು. ಮೊದಲ ದಿನ ಆಯಸ್ಕಾಂತ ಹಿಡಿದರೆ ಬೆಣ್ಣೆಯಂತೆ ಗಟ್ಟಿಯಾಗುತ್ತಿತ್ತು. ಎರಡು ವಾರದಲ್ಲಿ ತಳದಲ್ಲಿ ಗಾರೆಯಂತೆ ಕೂತಿದೆ, ಚಮಚವೂ ಇಳಿಯದು. ತಪ್ಪೆಲ್ಲಿ?
– ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ತಪ್ಪು ಪುಡಿಯಲ್ಲೇ ಇದೆ. ಕಣ ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 50 ಮೈಕ್ರಾನಿನ ಅರದ ಚೂರು 5 ಮೈಕ್ರಾನಿನ ಕಣಕ್ಕಿಂತ ನೂರು ಪಟ್ಟು ಬೇಗ ಇಳಿಯುತ್ತದೆ. ಮೂಲೆಗಳಿರುವ ಚೂರುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ದ್ರವ ತುಂಬಿದ ಉಪಕರಣದ ಸೀಲನ್ನೂ ಕೆರೆಯುತ್ತವೆ. 1ರಿಂದ 10 ಮೈಕ್ರಾನಿನ, ಗುಂಡನೆಯ ಕಣಗಳಿರುವ ಕಾರ್ಬೊನಿಲ್ ಕಬ್ಬಿಣದ (ರಾಸಾಯನಿಕ ವಿಧಾನದಲ್ಲಿ ತಯಾರಿಸಿದ ಶುದ್ಧ ಕಬ್ಬಿಣ) ಪುಡಿಯನ್ನೇ ತರಿಸಿ.

ಆಗಲೂ ಅದು ತಳಕ್ಕೆ ಕೂರದೆ ಬಿಡದು. ಕಬ್ಬಿಣದ ಸಾಂದ್ರತೆ 7.86, ಎಣ್ಣೆಯದು ಒಂದಕ್ಕಿಂತ ಕಡಿಮೆ. ಕೂತದ್ದು ಅಲುಗಿಸಿದಾಗ ಮತ್ತೆ ಬೆರೆತರೆ ಸಾಕು, ನಿಮ್ಮ ಗುರಿ ಅಷ್ಟೇ ಇರಲಿ. 100 ಮಿ.ಲೀ. ದ್ರವಕ್ಕೆ, ಗಾತ್ರದಲ್ಲಿ ಶೇ. 30 ಕಬ್ಬಿಣದ ಲೆಕ್ಕದಲ್ಲಿ, ಪುಡಿ 236 ಗ್ರಾಂ, 100 ಸೆಂಟಿಸ್ಟೋಕ್ ಸಿಲಿಕೋನ್ ಎಣ್ಣೆ 70 ಮಿ.ಲೀ., ಓಲಿಯಿಕ್ ಆಮ್ಲ ಸುಮಾರು 2.5 ಗ್ರಾಂ, ಫ್ಯೂಮ್ಡ್ ಸಿಲಿಕಾ (ದ್ರವವನ್ನು ಮಂದಗೊಳಿಸುವ ತೀರಾ ನುಣುಪಾದ ಪುಡಿ) ಒಂದೂವರೆ ಗ್ರಾಂ ಬೇಕು. ಆಮ್ಲವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ ಪುಡಿಗೆ ಕಲಸಿ, ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ. ಹತ್ತಿರ ಬೆಂಕಿ ಬೇಡ, ಮುಖಕ್ಕೆ ಮಾಸ್ಕ್ ಇರಲಿ. ಸಿಲಿಕಾವನ್ನು ಮೊದಲು ಎಣ್ಣೆಯಲ್ಲಿ ಜೋರಾಗಿ ಕಲಕಿ, ಗಂಟಿಲ್ಲದಂತೆ ಮಾಡಿಕೊಳ್ಳಿ. ಆಮೇಲೆ ಪುಡಿಯನ್ನು ಚಮಚ ಚಮಚವಾಗಿ ಹಾಕುತ್ತಾ, 500 ಆರ್‌ಪಿಎಂ ಆಸುಪಾಸಿನಲ್ಲಿ ಎರಡು ಮೂರು ಗಂಟೆ ಕಲಕಿ. ಮ್ಯಾಗ್ನೆಟಿಕ್ ಸ್ಟರರ್ ಮಾತ್ರ ಬೇಡವೇ ಬೇಡ, ಕಬ್ಬಿಣವೆಲ್ಲ ಅದರ ಕಡ್ಡಿಗೇ ಮೆತ್ತಿಕೊಳ್ಳುತ್ತದೆ. ರೆಕ್ಕೆಯಿರುವ ಸಾದಾ ಸ್ಟರರ್ ಬಳಸಿ.

ಸಿಲಿಕಾ ಹೆಚ್ಚು ಹಾಕಿದರೆ ಕೂರುವುದು ಕಡಿಮೆಯಾಗುತ್ತದೆ, ನಿಜ. ಆದರೆ ಕಾಂತಕ್ಷೇತ್ರ ಇಲ್ಲದಾಗಲೂ ದ್ರವ ಮಂದವಾಗಿಬಿಡುತ್ತದೆ. ಅದರ ಬೆಲೆ ಎಷ್ಟೆಂದು ಮುಂದಿನ ಉತ್ತರದಲ್ಲಿ ನೋಡಿ.

ಪ್ರಶ್ನೆ: ಎಂಆರ್ ದ್ರವ ತುಂಬಿದ, ಅಲುಗಾಟ ತಗ್ಗಿಸುವ ಡ್ಯಾಂಪರಿನ ಬಲವನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ? ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ದ್ರವ ಹರಿಯುವ ಸಂದು ಚಿಕ್ಕದಾದಷ್ಟೂ ಒಳ್ಳೆಯದಲ್ಲವೇ?
– ಎಂ.ಟೆಕ್. ವಿದ್ಯಾರ್ಥಿನಿ, ಮೈಸೂರು

ಉತ್ತರ: ಅಲ್ಲ, ಹೆಚ್ಚಿನವರು ಎಡವುವುದು ಅಲ್ಲೇ. ಮೊದಲ ಅಂದಾಜಿಗೆ ಬಿಂಗಂ ಮಾದರಿ (ಒತ್ತಡ ಒಂದು ಮಿತಿ ದಾಟಿದ ಮೇಲಷ್ಟೇ ದ್ರವ ಹರಿಯುತ್ತದೆಂಬ ಲೆಕ್ಕ) ಸಾಕು. ಅದರ ಪ್ರಕಾರ ಒತ್ತಡದ ಇಳಿತದಲ್ಲಿ ಎರಡು ಪಾಲು. ಕಾಂತಕ್ಷೇತ್ರದಿಂದ ಬರುವ ಪಾಲು ಸಂದಿನ ಅಗಲಕ್ಕೆ ವಿಲೋಮವಾಗಿ ಏರುತ್ತದೆ, ಸ್ನಿಗ್ಧತೆಯಿಂದ ಬರುವುದು ಅಗಲದ ಘನಕ್ಕೆ ವಿಲೋಮವಾಗಿ.

ಅಂಕಿ ಹಾಕಿ ನೋಡಿ. ಪಿಸ್ಟನ್ 40 ಮಿ.ಮೀ., ರಾಡ್ 10 ಮಿ.ಮೀ., ತಲಾ 10 ಮಿ.ಮೀ. ಉದ್ದದ ಎರಡು ಧ್ರುವ, ನಡುವೆ 10 ಮಿ.ಮೀ. ಕಾಯಿಲ್. ಯೀಲ್ಡ್ ಒತ್ತಡ (ದ್ರವ ಹರಿಯತೊಡಗುವ ಆ ಮಿತಿ) 30 ಕಿಲೋಪಾಸ್ಕಲ್, ಸ್ನಿಗ್ಧತೆ 0.2 ಪಾಸ್ಕಲ್-ಸೆಕೆಂಡ್, ಪಿಸ್ಟನ್ ವೇಗ ಸೆಕೆಂಡಿಗೆ 0.1 ಮೀಟರ್, ಹರಿವಿನ ಗುಣಾಂಕ 2.5. ಸಂದು 1 ಮಿ.ಮೀ. ಇದ್ದರೆ ಕಾಂತಕ್ಷೇತ್ರದ ಪಾಲು ಸುಮಾರು 1,770 ನ್ಯೂಟನ್, ಸ್ನಿಗ್ಧತೆಯದು 80ರ ಹತ್ತಿರ. ಸಂದನ್ನು ಅರ್ಧ ಮಿ.ಮೀ.ಗೆ ಇಳಿಸಿದರೆ ಮೊದಲನೆಯದು 3,530 ಆಗುತ್ತದೆ, ಎರಡನೆಯದು 630! ಗರಿಷ್ಠ ಬಲ ಕರೆಂಟಿಲ್ಲದಾಗಿನ ಬಲದ 23 ಪಟ್ಟು ಇದ್ದದ್ದು 7ಕ್ಕೂ ಕೆಳಗಿಳಿಯಿತು. ಕರೆಂಟ್ ಆರಿಸಿದಾಗ ಸಲೀಸಾಗಿ ಜಾರದ ಡ್ಯಾಂಪರಿಗೆ ನಿಯಂತ್ರಣವೆಂಬುದೇ ಇರುವುದಿಲ್ಲ. ಸೀಲಿನ ಘರ್ಷಣೆ ಸೇರಿದರೆ ಈ ಅನುಪಾತ ಇನ್ನೂ ಇಳಿಯುತ್ತದೆ.

ಕಾಯಿಲ್‌ಗೆ ಬನ್ನಿ. ದ್ರವದಲ್ಲಿ ಮೀಟರಿಗೆ 150 ಕಿಲೋಆಂಪಿಯರ್ ಬೇಕೆಂದರೆ 1 ಮಿ.ಮೀ.ನ ಎರಡು ಸಂದಿಗೆ 300 ಆಂಪಿಯರ್-ಸುತ್ತು. ಉಕ್ಕಿನ ಪಾಲು ಸೇರಿಸಿ 400 ಇಟ್ಟುಕೊಳ್ಳಿ, ಅಂದರೆ 200 ಸುತ್ತು, 2 ಆಂಪಿಯರ್. ಕಾಯಿಲ್ ಒಳಗಿನ ತಿರುಳು 26 ಮಿ.ಮೀ.ಗಿಂತ ತೆಳುವಾದರೆ ಉಕ್ಕಿನಲ್ಲಿ ಕಾಂತತ್ವ ಮೊದಲೇ ತುಂಬಿಹೋಗುತ್ತದೆ, ಆಮೇಲೆ ಎಷ್ಟು ಕರೆಂಟ್ ಸುರಿದರೂ ಕಾಯಿಲ್ ಬಿಸಿಯಾಗುವುದಷ್ಟೇ. ಸಿಲಿಂಡರ್ ಮೈಲ್ಡ್ ಸ್ಟೀಲಿನದಾಗಿರಲಿ. 304 ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ಆದರೆ ಕಾಂತರೇಖೆ ತಿರುಗಿ ಬರಲು ದಾರಿಯೇ ಇರದು.

ಟೆಸ್ಟಿಂಗ್ ಮುಗಿದ ಮೇಲೆ ಬಲ-ವೇಗದ ನಕ್ಷೆ ಬಿಂಗಂ ಗೆರೆಗೆ ಕೂರುವುದಿಲ್ಲ. ವೇಗ ಸೊನ್ನೆಯ ಹತ್ತಿರ ಅದು ಕುಣಿಕೆಯಾಗುತ್ತದೆ. ಅರೆಸಕ್ರಿಯ ನಿಯಂತ್ರಣಕ್ಕೆ (ಕರೆಂಟ್ ಬದಲಿಸಿ ಡ್ಯಾಂಪರಿನ ಬಲ ಹೊಂದಿಸುವುದಕ್ಕೆ) ಆ ಕುಣಿಕೆ ಮುಖ್ಯ, ಆಗ ಕುಣಿಕೆಯನ್ನೂ ಲೆಕ್ಕಕ್ಕೆ ತರುವ ಬುಕ್-ವೆನ್ ಮಾದರಿಗೆ ಹೋಗಿ. ಅದಕ್ಕೂ ಮೊದಲು ಬಲ-ಸ್ಥಾನಾಂತರದ ನಕ್ಷೆ ನೋಡಿ. ಪಿಸ್ಟನ್ ದಿಕ್ಕು ಬದಲಿಸಿದ ಕೂಡಲೇ ಬಲ ಏರದೆ ಒಂದು ಕಚ್ಚು ಬಿದ್ದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಗಾಳಿ ತೆಗೆದು ಮತ್ತೆ ಪರೀಕ್ಷಿಸಿ. ಅದನ್ನು ಬಿಟ್ಟು ಮಾದರಿಯ ನಿಯತಾಂಕ ತಿದ್ದುತ್ತಾ ಕೂರಬೇಡಿ.

ಪ್ರಶ್ನೆ: ಆಯಸ್ಕಾಂತ ಹಿಡಿದರೆ ಮುಳ್ಳುಮುಳ್ಳಾಗಿ ಏಳುವ ಕಪ್ಪು ದ್ರವ ಫೆರೋಫ್ಲೂಯಿಡನ್ನೇ ಡ್ಯಾಂಪರಿಗೆ ತುಂಬಬಹುದೇ?
– ಓದುಗರು, ಶಿರಸಿ

ಉತ್ತರ: ಈ ಕೆಲಸಕ್ಕೆ ಆಗದು. ಅದರ ಕಣಗಳು 10 ನ್ಯಾನೊಮೀಟರ್ ಆಸುಪಾಸಿನವು. ಉಷ್ಣದ ಅಲುಗಾಟವೇ ಅವನ್ನು ತೇಲಿಸಿಡುತ್ತದೆ, ಆದ್ದರಿಂದ ತಳ ಕೂರುವುದಿಲ್ಲ. ಎಂಆರ್ ದ್ರವದ ಕಣಗಳಂತೆ ಸಾಲಾಗಿ ಗಟ್ಟಿ ಸರಪಳಿ ಕಟ್ಟಲೂ ಅದೇ ಅಲುಗಾಟ ಬಿಡದು, ಹಾಗಾಗಿ ಕಾಂತಕ್ಷೇತ್ರದಲ್ಲೂ ಅದು ದ್ರವವಾಗಿಯೇ ಉಳಿಯುತ್ತದೆ. 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಇದನ್ನು ರೂಪಿಸಿದ್ದು ತೂಕವಿಲ್ಲದ ಸ್ಥಿತಿಯಲ್ಲಿ ರಾಕೆಟ್ ಇಂಧನವನ್ನು ಕಾಂತದಿಂದ ಎಳೆದು ತರಲೆಂದು. ಇಂದು ಅದು ತಿರುಗುವ ಶಾಫ್ಟಿನ ಸೀಲಿಗೆ, ಲೌಡ್‌ಸ್ಪೀಕರಿನ ಕಾಯಿಲ್ ತಂಪಾಗಿಸಲು ಬಳಕೆಯಲ್ಲಿದೆ. ಹಳೆಯ ಸ್ಪೀಕರಿನ ಸಂದಿನಲ್ಲಿ ಅದು ಒಣಗಿ ಅಂಟಾಗಿದ್ದರೆ, ಅದರ ಮೇಲೇ ಹೊಸದನ್ನು ಸುರಿಯಬೇಡಿ. ಬ್ಲಾಟಿಂಗ್ ಕಾಗದದ ಪಟ್ಟಿ ತೂರಿಸಿ ಹಳೆಯದನ್ನೆಲ್ಲ ಹೀರಿ ತೆಗೆದ ಮೇಲೆ, ತಯಾರಕರು ಹೇಳಿದಷ್ಟೇ ಅಳತೆಯಲ್ಲಿ ಹಾಕಿ.