ಅಪ್ಪೆಮಿಡಿ ಮಾರಲು ಎಂಥ ವೆಬ್‌ಸೈಟ್?

ಪ್ರಶ್ನೆ: ಸಾಗರದಲ್ಲಿ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಸೇರಿ 14 ಬಗೆಯ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ವೆಬ್‌ಸೈಟ್ ಬೇಕು. ಒಬ್ಬರು ರೆಡಿಮೇಡ್ ಟೆಂಪ್ಲೇಟಿನಲ್ಲಿ 20 ಸಾವಿರಕ್ಕೆ ಮಾಡಿಕೊಡುತ್ತಾರಂತೆ. ಇನ್ನೊಬ್ಬರು ಮೊದಲಿಂದ ಕೋಡ್ ಬರೆಯಲು ಒಂದೂವರೆ ಲಕ್ಷ ಕೇಳುತ್ತಾರೆ. ಯಾವುದು ಒಳ್ಳೆಯದು?

ಉತ್ತರ: ನಿಮಗೆ ಟೆಂಪ್ಲೇಟ್ ಧಾರಾಳವಾಗಿ ಸಾಕು. ಕಾಲು, ಅರ್ಧ, ಒಂದು ಕೆ.ಜಿ. ಬಾಟಲಿಗಳಿಗೆ ಬೇರೆ ಬೇರೆ ದರ, ಕೂಪನ್, ಆರ್ಡರ್ ಪಟ್ಟಿ ಎಲ್ಲವೂ ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಜೋಡಿಸುವ ಅಂಗಡಿ ಸೌಲಭ್ಯ ವೂಕಾಮರ್ಸ್‌ನಲ್ಲಿ ಸಿದ್ಧವಾಗಿಯೇ ಇವೆ. ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಹಣ ಪಡೆಯುವ ಸೇವೆ) ಜೋಡಿಸಿದರೆ ಯುಪಿಐ ಕೂಡ ಬರುತ್ತದೆ. ಇರುವುದನ್ನೇ ಮತ್ತೆ ಬರೆಸಲು ಲಕ್ಷ ಸುರಿಯಬೇಡಿ.

ಟೆಂಪ್ಲೇಟ್ ಕೈಕೊಡುವುದು ಕನ್ನಡದಲ್ಲಿ. ಹೆಚ್ಚಿನವು ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದಂಥವು. ಸಾಲುಗಳ ನಡುವೆ ಜಾಗ ಸಾಲದೆ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಬಟನ್ನಿನೊಳಗೆ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಹಣ ಕೊಡುವ ಮೊದಲೇ ಡೆಮೊ ಪುಟದಲ್ಲಿ ‘ಉಪ್ಪಿನಕಾಯಿ’, ‘ಜ್ಯೇಷ್ಠ’, ‘ಸ್ತ್ರೀ’ ಎಂದು ಹಾಕಿಸಿ ಮೊಬೈಲಿನಲ್ಲಿ ನೋಡಿ. ನೋಟೊ ಸಾನ್ಸ್ ಕನ್ನಡ ಫಾಂಟ್, ಅಕ್ಷರದ ಗಾತ್ರದ 1.7ರಷ್ಟು ಸಾಲಿನೆತ್ತರ, ಅಕ್ಷರಗಳ ನಡುವಿನ ಅಂತರ ಸೊನ್ನೆ: ಇಷ್ಟಿದ್ದರೆ ಚೆನ್ನಾಗಿ ಕಾಣುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಎನ್ಕೋಡಿಂಗಿನಲ್ಲಿ (ಅಕ್ಷರ ಸಂಕೇತದಲ್ಲಿ) ಟೈಪಾದ ಬರಹವನ್ನು ಎಲ್ಲೆಡೆ ಓದಲು ಬರುವ ಯುನಿಕೋಡಿಗೆ ಬದಲಿಸಿಯೇ ಕೊಡಿ. ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು.

ವೆಬ್‌ಸೈಟಿನಲ್ಲಿ ಸರಕಿನ ತೂಕ ತುಂಬುವ ಕಾಲಂನಲ್ಲೂ ಎಚ್ಚರ. ಅರ್ಧ ಕೆ.ಜಿ. ಮಿಡಿಗೆ ಗಾಜಿನ ಬಾಟಲಿ, ರಟ್ಟಿನ ಡಬ್ಬಿ, ಬಬಲ್ ಹಾಳೆ ಸೇರಿದ ಮೇಲೆ ಕೊರಿಯರಿನವರ ತಕ್ಕಡಿ ಬೇರೆಯೇ ಹೇಳುತ್ತದೆ. ಪ್ಯಾಕ್ ಮಾಡಿ ತೂಗಿದ ತೂಕವನ್ನೇ ನಮೂದಿಸಿ. ಇಲ್ಲವಾದರೆ ವ್ಯತ್ಯಾಸ ಪ್ರತಿ ಆರ್ಡರಿಗೂ ನಿಮ್ಮ ಕೈಯಿಂದಲೇ ಹೋಗುತ್ತದೆ. ದಾಸ್ತಾನಿಗೆ ಮಾತ್ರ ಬಾಟಲಿ ತುಂಬಿಸಿಟ್ಟದ್ದನ್ನಷ್ಟೇ ಲೆಕ್ಕ ಹಿಡಿಯಿರಿ, ಭರಣಿಯಲ್ಲಿರುವುದನ್ನಲ್ಲ. ಮಿಡಿ ವರ್ಷಕ್ಕೊಮ್ಮೆ ಬರುವ ಸರಕು. ಮುಗಿದ ಮೇಲೂ ದುಡ್ಡು ಕಟ್ಟಿಸಿಕೊಳ್ಳುವ ಅಂಗಡಿಗೆ ಗಿರಾಕಿ ಮತ್ತೆ ಬರುವುದಿಲ್ಲ.

ಫೋಟೊಗಳನ್ನು ಕಡಿಮೆ ಗಾತ್ರದ ವೆಬ್‌ಪಿ ರೂಪದಲ್ಲಿ, ತಲಾ 150 ಕೆಬಿಯೊಳಗೆ ಇಡಿ. ಮುಖಪುಟದಲ್ಲಿ ಓಡುವ ಚಿತ್ರಮಾಲೆ ಬೇಡವೆನ್ನಿ. ಘಟ್ಟದ ನೆಟ್‌ವರ್ಕಿನಲ್ಲಿ ಅದು ತೆರೆಯುವಷ್ಟರಲ್ಲಿ ಗಿರಾಕಿ ಹೋಗಿರುತ್ತಾರೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಕಣ್ಣಿಗೆ ಬೀಳುವಂತಿರಲಿ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಅಡಿಕೆ ಮಂಡಿ. ರೈತರು ತಮ್ಮ ಲಾಟು, ದರ, ಮುಂಗಡದ ಲೆಕ್ಕವನ್ನು ಫೋನಿನಲ್ಲೇ ನೋಡುವಂತಾಗಬೇಕು. ಟೆಂಪ್ಲೇಟ್ ಸಾಕೇ?

ಉತ್ತರ: ಸಾಲದು. ರಾಶಿ, ಬೆಟ್ಟೆ, ಹಸ, ಗೊರಬಲು ಎಂಬ ಅಡಿಕೆಯ ಬಗೆಗಳಂತೆ ಲಾಟುವಾರು ತೂಕ, ಕಡಿತ, ಮುಂಗಡದ ಬಡ್ಡಿ ಹಾಕುವ ಲೆಕ್ಕ ನಿಮ್ಮ ಮಂಡಿಯದೇ ಪದ್ಧತಿ. ಅದನ್ನು ಬರೆಸಲೇಬೇಕು. ಪರಿಚಯದ ಪುಟಗಳಿಗೆ ಟೆಂಪ್ಲೇಟ್ ಇಟ್ಟು ಲೆಕ್ಕದ ಭಾಗವನ್ನಷ್ಟೇ ಬರೆಸಿದರೆ ಖರ್ಚು ಇಳಿಯುತ್ತದೆ. ಲಾಗಿನ್‌ಗೆ ಫೋನಿನ ಒಟಿಪಿ ಇರಲಿ, ಒಬ್ಬರ ಖಾತೆ ಇನ್ನೊಬ್ಬರಿಗೆ ಕಾಣಬಾರದು. ಸೋರ್ಸ್ ಕೋಡ್ (ಬರೆದ ಮೂಲ ಕೋಡ್), ಡೇಟಾಬೇಸ್ ಬ್ಯಾಕಪ್ (ಲೆಕ್ಕದ ಮಾಹಿತಿಯ ಪ್ರತಿ) ನಿಮಗೆ ಸೇರಬೇಕೆಂದು ಕರಾರಿನಲ್ಲೇ ಬರೆಸಿ. ಡೊಮೇನ್ (ವೆಬ್‌ಸೈಟಿನ ವಿಳಾಸ) ನೋಂದಣಿ ನಿಮ್ಮದೇ ಹೆಸರು, ಇಮೇಲಿನಲ್ಲಿರಲಿ. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ನಾಳೆ ಅವರು ಫೋನ್ ಎತ್ತದ ದಿನ ನಿಮ್ಮ ವಿಳಾಸವೂ ಅವರ ಬಳಿಯೇ ಉಳಿಯುತ್ತದೆ.