ಪ್ರತಿ: ಹಿಂದಕ್ಕೂ ಓಡುವ ಸಮೀಕರಣದಲ್ಲಿ ಎಂಟ್ರೊಪಿ ಹೆಚ್ಚುವುದು ಹೇಗೆ?

ಪುಣೆಯಲ್ಲಿ ಎಂಎಸ್ಸಿ ಓದುತ್ತಿರುವ ನೀವು ಕೇಳಿದ್ದು ಇದು: ಕ್ವಾಂಟಮ್ ವ್ಯವಸ್ಥೆ ಕಾಲದೊಂದಿಗೆ ಬದಲಾಗುವ ಬಗೆ ಹೇಳುವ ಶ್ರೋಡಿಂಗರ್ ಸಮೀಕರಣ ಹಿಂದಕ್ಕೂ ಓಡುತ್ತದೆ, ಹಾಗಿದ್ದರೆ ಎಂಟ್ರೊಪಿ (ವ್ಯವಸ್ಥೆಯ ಸ್ಥಿತಿಯ ಬಗ್ಗೆ ನಮಗಿರುವ ಅನಿಶ್ಚಿತತೆಯ ಅಳತೆ) ಎಲ್ಲಿಂದ ಬಂತು? ಕೇಳಲೇಬೇಕಾದ ಪ್ರಶ್ನೆ.

ಒಂದು ಕ್ಯೂಬಿಟ್ (ಎರಡು ಸ್ಥಿತಿಗಳ ಕ್ವಾಂಟಮ್ ವ್ಯವಸ್ಥೆ) ಮತ್ತು ಅದರ ಸುತ್ತಲಿನ ಪರಿಸರ ಎರಡನ್ನೂ ಒಟ್ಟಿಗೆ ನೋಡಿದರೆ ಎಂಟ್ರೊಪಿ ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮಾಹಿತಿ ಆ ನಂಟಿನೊಳಗೆ ಸೇರಿಹೋಗುತ್ತದೆ. ಪರಿಸರದ ಪ್ರತಿ ಕಣವನ್ನೂ ಅಳೆಯಲು ಆಗುವುದಿಲ್ಲ, ಅಲ್ವಾ? ಅದನ್ನು ಲೆಕ್ಕದಿಂದ ಬಿಟ್ಟಾಗಲೇ ಹಿಂದಿರುಗುವ ದಾರಿ ತಪ್ಪುವುದು.

ಜಾಸ್ತಿ ಜನ ಮರೆಯುವ ಮಾತೊಂದಿದೆ. ಕ್ಯೂಬಿಟ್‌ನ ಎಂಟ್ರೊಪಿ ಇಳಿಯಲೂಬಹುದು. ತಣ್ಣನೆಯ ಪರಿಸರಕ್ಕೆ ಶಾಖ ಬಿಟ್ಟುಕೊಟ್ಟಾಗ ಹಾಗಾಗುತ್ತದೆ. ಆ ಶಾಖವನ್ನು ಪರಿಸರದ ತಾಪಮಾನದಿಂದ ಭಾಗಿಸಿ, ಕ್ಯೂಬಿಟ್‌ನ ಎಂಟ್ರೊಪಿ ಬದಲಾವಣೆಗೆ ಕೂಡಿಸಿ. ಶುರುವಿನಲ್ಲಿ ಪರಿಸರ ಉಷ್ಣ ಸಮತೋಲದಲ್ಲಿದ್ದು ಕ್ಯೂಬಿಟ್ ಜೊತೆ ನಂಟಿಲ್ಲದಿದ್ದರೆ, ಆ ಮೊತ್ತ ಸೊನ್ನೆಗಿಂತ ಕೆಳಗೆ ಹೋಗದು. ಭೌತವಿಜ್ಞಾನಿ ಲ್ಯಾಂಡಾವರ್ 1961ರಲ್ಲಿ ಹೇಳಿದ ಮಿತಿಯೂ ಇದರಿಂದಲೇ ಸಿಗುತ್ತದೆ: 300 ಕೆಲ್ವಿನ್‌ನಲ್ಲಿ ಒಂದು ಬಿಟ್ ಅಳಿಸಲು ಕನಿಷ್ಠ ಸುಮಾರು 2.9×10⁻²¹ ಜೂಲ್ ಶಾಖ ಹೊರಹೋಗಬೇಕು.

ಪರಿಸರವನ್ನು ಲೆಕ್ಕದಿಂದ ಬಿಟ್ಟು ಕ್ಯೂಬಿಟ್ ಬದಲಾಗುವ ಬಗೆಯನ್ನಷ್ಟೇ ಹೇಳುವ, ನಿಮ್ಮ ಪಠ್ಯದ ಲಿಂಡ್‌ಬ್ಲಾಡ್ ಸಮೀಕರಣ 1976ರದ್ದು. ಅದೇ ವರ್ಷ ಗೊರಿನಿ, ಕೊಸಕೊವ್‌ಸ್ಕಿ ಜೊತೆ ಸುದರ್ಶನ್ ಕೂಡ ಅದನ್ನು ಕಂಡುಕೊಂಡರು. ಸುದರ್ಶನ್ ಮೊದಲು ನಮ್ಮ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿದ್ದವರು, ನನಗಂತೂ ಹೆಮ್ಮೆ. ಕ್ಯೂಬಿಟ್‌ನಿಂದ ಬಂದ ಮಾಹಿತಿಯನ್ನು ಪರಿಸರ ಬೇಗ ಮರೆಯುತ್ತದೆ ಎಂದು ಆ ಸಮೀಕರಣ ಮೊದಲೇ ಒಪ್ಪಿಕೊಂಡಿರುತ್ತದೆ.

ಮೊದಲು ಎರಡೇ ಸ್ಪಿನ್ (ಕ್ಯೂಬಿಟ್‌ನಂತೆಯೇ ಎರಡು ಸ್ಥಿತಿಗಳವು) ಇಟ್ಟುಕೊಂಡು ಲೆಕ್ಕ ಮಾಡಿ. ಒಂದರ ಎಂಟ್ರೊಪಿ ಏರಿ, ಮತ್ತೆ ಇಳಿಯುತ್ತದೆ. ಆಮೇಲೆ ಸ್ಪಿನ್‌ಗಳನ್ನು ಹೆಚ್ಚಿಸುತ್ತಾ ಹೋಗಿ, ವಾಪಸ್ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.